ನೇರಳೆ ಡೋಮ್ ಹಾಳಾಗಿದೆಯೇ? ಹಳೆಯ ಆಂಬುಲೆನ್ಸ್, ಪೊಲೀಸ್ ದೀಪಗಳ ಬಣ್ಣದ ಬಗ್ಗೆ ತಜ್ಞರ ಉತ್ತರ

ಓದುಗರ ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಹೋಂಸ್ಟೇ ಇದೆ. ಹಳೆಯ ಆಂಬುಲೆನ್ಸ್, ಪೊಲೀಸ್ ಗಾಡಿ, ಫೈರ್ ಎಂಜಿನ್‌ಗಳ ಮೇಲಿನ ದೀಪಗಳನ್ನು ಕೂಡಿಡುವ ಹುಚ್ಚು ನನಗೆ. ಮೈಸೂರಿನ ಗುಜರಿಯಲ್ಲಿ ಹಳೆಯ ಆಂಬುಲೆನ್ಸಿನ ತಿರುಗುವ ದೀಪವೊಂದು ಸಿಕ್ಕಿತು. ಅದರ ಗಾಜಿನ ಡೋಮ್, ಅಂದರೆ ಬಲ್ಬನ್ನು ಮುಚ್ಚುವ ಟೋಪಿ, ನೇರಳೆ ಬಣ್ಣದ್ದು. ನೀಲಿ ಇದ್ದದ್ದು ಮಾಸಿ ಹೀಗಾಗಿದೆ, ನೀಲಿ ಡೋಮ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ವಿಚಿತ್ರ ಏನೆಂದರೆ, ಹಳೆಯ ಬಲ್ಬ್ ಹಾಕಿದರೆ ಕೆಂಪಗೆ ಕಾಣುತ್ತದೆ, ಎಲ್‌ಇಡಿ ಹಾಕಿದರೆ ನೀಲಿ! ಯಾವುದು ಸರಿ? ಇನ್ನೊಂದು, ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಟ್ವಿನ್‌ಸಾನಿಕ್ ಲೈಟ್‌ಬಾರ್ (ಪೊಲೀಸ್ ಕಾರಿನ ತಲೆಯ ಮೇಲೆ ಕೂರುವ ಉದ್ದನೆಯ ದೀಪದ ಪಟ್ಟಿ). ಅದರ ಕೆಂಪು ಪ್ಲಾಸ್ಟಿಕ್ ಕಿತ್ತಳೆ ಬಣ್ಣಕ್ಕೆ ತಿರುಗಿ, ಮೈತುಂಬ ಕೂದಲೆಳೆಯಂಥ ಬಿರುಕು ಬಿಟ್ಟಿದೆ. ಪೆಟ್ರೋಲ್ ಹಾಕಿ ಒರೆಸಿ, ಟೂತ್‌ಪೇಸ್ಟ್ ಹಾಕಿ ಉಜ್ಜಿ ಅಂತ ಸಲಹೆ ಬಂದಿದೆ. ಮತ್ತೊಬ್ಬರು ಒಂದು ಕೆಂಪು ಗಾಜಿನ ಡೋಮ್ ತೋರಿಸಿ, ಇದರಲ್ಲಿ ಚಿನ್ನ ಬೆರೆಸಿದ್ದಾರೆ ಅಂತ ಭಾರೀ ಬೆಲೆ ಹೇಳುತ್ತಿದ್ದಾರೆ. ಕೊನೆಯದಾಗಿ, ನನ್ನ ಹಳೆಯ ಜೀಪಿನ ಮೇಲೆ ಹಳದಿ ತಿರುಗುದೀಪ ಹಾಕಿಕೊಂಡರೆ ಸಂಪಾಜೆ ಘಾಟಿಯ ಮಂಜಿನಲ್ಲಿ ಅನುಕೂಲ ಆಗುತ್ತದೆಯೇ? ಮಳೆಗಾಲದಲ್ಲಿ ಇವನ್ನೆಲ್ಲ ಹೇಗೆ ಇಡಬೇಕು?

ಉತ್ತರ: ಮೊದಲು ಆ ನೇರಳೆ ಡೋಮನ್ನು ಯಾರ ಕೈಗೂ ಕೊಡಬೇಡಿ. ನೀಲಿ ಡೋಮ್ ಹುಡುಕುವ ಕೆಲಸವನ್ನೂ ನಿಲ್ಲಿಸಿ. ನೀವು ಬರೆದದ್ದನ್ನು ನೋಡಿದರೆ ಅದು ಮಾಸಿದ ನೀಲಿ ಅಲ್ಲ. ಹುಟ್ಟಿನಿಂದಲೇ ನೇರಳೆ ಇರುವ ಸಾಧ್ಯತೆ ತುಂಬಾ ಜಾಸ್ತಿ.

ಇದಕ್ಕೆ ಆಧಾರ ನಮ್ಮ ಕಾನೂನಿನಲ್ಲೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ ಯಾವ ಗಾಡಿಗೆ ಯಾವ ಬಣ್ಣದ ದೀಪ ಅನ್ನುವುದನ್ನು ಹೇಳುತ್ತದೆ. ರೋಗಿಗಳನ್ನು ಸಾಗಿಸುವ ಆಂಬುಲೆನ್ಸ್ ವ್ಯಾನಿಗೆ ಅಲ್ಲಿ ಹೇಳಿರುವುದು ನೇರಳೆ ಗಾಜು ಹಾಕಿದ, ಮಿನುಗುವ ಕೆಂಪು ದೀಪ. ಓದಿದ ತಕ್ಷಣ ಗೊಂದಲ ಆಗುತ್ತದೆ, ಅಲ್ವಾ? ಕೆಂಪು ದೀಪ ಅಂತೀರಿ, ನೇರಳೆ ಗಾಜು ಅಂತೀರಿ, ಯಾವುದಪ್ಪಾ? ಎರಡೂ ಹೌದು. ಬಲ್ಬ್ ಬದಲಿಸಿದಾಗ ನಿಮ್ಮ ಡೋಮ್ ತೋರಿಸಿದ ಆಟವೇ ಇದಕ್ಕೆ ಉತ್ತರ.

ಗಾಜು ಬಣ್ಣವನ್ನು ಹುಟ್ಟಿಸುವುದಿಲ್ಲ. ಬಂದ ಬೆಳಕಿನಲ್ಲಿ ತನಗೆ ಬೇಡದ್ದನ್ನು ನುಂಗುತ್ತದೆ, ಉಳಿದದ್ದನ್ನು ಹೊರಗೆ ಬಿಡುತ್ತದೆ. ನೇರಳೆ ಗಾಜು ನಡುವಿನ ಹಸಿರು, ಹಳದಿಯನ್ನು ನುಂಗಿ, ಎರಡು ತುದಿಯ ಕೆಂಪು ಮತ್ತು ನೀಲಿ ಎರಡನ್ನೂ ಬಿಡುತ್ತದೆ. ಹಾಗಾದರೆ ಹೊರಗೆ ಯಾವುದು ಜಾಸ್ತಿ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಒಳಗಿನ ಬಲ್ಬ್. ಹಳೆಯ ತಂತಿ ಬಲ್ಬಿನ ಬೆಳಕಿನಲ್ಲಿ ನೀಲಿ ಬಹಳ ಕಮ್ಮಿ. ಸುಮಾರು 2850 ಕೆಲ್ವಿನ್ ಬಿಸಿಯಲ್ಲಿ ಉರಿಯುವ ತಂತಿಯ ಬೆಳಕನ್ನು ಅಳೆದರೆ, 450 ನ್ಯಾನೊಮೀಟರ್‌ನ ನೀಲಿಗಿಂತ 650 ನ್ಯಾನೊಮೀಟರ್‌ನ ಕೆಂಪು ಸುಮಾರು ಐದು ಪಟ್ಟು ಇರುತ್ತದೆ (ನ್ಯಾನೊಮೀಟರ್ ಅಂದರೆ ಬೆಳಕಿನ ತರಂಗದ ಉದ್ದದ ಅಳತೆ, ಒಂದೊಂದು ಬಣ್ಣಕ್ಕೆ ಒಂದೊಂದು). ಅದಕ್ಕೇ ನೇರಳೆ ಗಾಜಿನೊಳಗೆ ತಂತಿ ಬಲ್ಬ್ ಉರಿದರೆ ಹೊರಗೆ ಬರುವುದು ಗುಲಾಬಿ ಛಾಯೆಯ ಕೆಂಪು.

ಈಗಿನ ಬಿಳಿ ಎಲ್‌ಇಡಿಯ ಕಥೆ ಪೂರ್ತಿ ಉಲ್ಟಾ. ಅದರ ಒಳಗಿರುವುದು ನಿಜಕ್ಕೂ ಒಂದು ನೀಲಿ ಚಿಪ್, ಸುಮಾರು 450 ನ್ಯಾನೊಮೀಟರ್‌ನದ್ದು. ಮೇಲೆ ಹಳದಿ ಫಾಸ್ಫರ್ ಲೇಪನ, ನೀಲಿಯ ಒಂದು ಪಾಲನ್ನು ಹಳದಿ ಬೆಳಕಾಗಿ ಬದಲಿಸುವಂಥದ್ದು. ನೀಲಿ ದಂಡಿಯಾಗಿದೆ, ಕಡು ಕೆಂಪು ಹೆಸರಿಗೆ ಮಾತ್ರ. ನಡುವಿನ ಹಸಿರು-ಹಳದಿಯನ್ನು ನೇರಳೆ ಗಾಜು ನುಂಗಿದ ಮೇಲೆ ಉಳಿಯುವುದು ನೀಲಿಯೇ. ಹಾಗಾಗಿ ಯಾವುದು ಸರಿ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ: ತಂತಿ ಬಲ್ಬಿನ ಕೆಂಪೇ ಸರಿ. ಆ ಗಾಜನ್ನು ಮಾಡಿದ್ದೇ ಆ ಬಲ್ಬಿಗಾಗಿ. ವಾಹನದ ಲೆನ್ಸುಗಳ ಗುಣಮಟ್ಟ ನೋಡುವ ಕೆಲಸದಲ್ಲಿ ಇದ್ದಷ್ಟು ಕಾಲವೂ ನಾವು ಗಾಜನ್ನು ಒಂಟಿಯಾಗಿ ನೋಡಿ ಪಾಸು ಮಾಡಿದ್ದಿಲ್ಲ. ಯಾವ ಬಲ್ಬಿನ ಜೊತೆ ಅನ್ನುವುದು ಚೀಟಿಯಲ್ಲಿ ಬರೆದಿರಲೇಬೇಕಿತ್ತು. ಸಂಗ್ರಹ ಮಾಡುವವರಿಗೂ ಅದೇ ಮಾತು. ಬಲ್ಬ್ ಮತ್ತು ಫಿಲ್ಟರ್ ಸೇರಿಯೇ ಒಂದು ವಸ್ತು. ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾದ ಹಾಗೆ.

ನನ್ನ ಮಾತನ್ನು ಸುಮ್ನೆ ನಂಬಬೇಕಿಲ್ಲ, ನೀವೇ ಪರೀಕ್ಷೆ ಮಾಡಬಹುದು. ಡೋಮಿನ ಬುಡದಲ್ಲಿ ಅದನ್ನು ಹಿಡಿದಿಡುವ ಲೋಹದ ಬಳೆ, ಅದರ ಕೆಳಗೆ ರಬ್ಬರ್ ಇರುತ್ತದೆ. ಬಳೆಯನ್ನು ಮೆಲ್ಲಗೆ ಬಿಚ್ಚಿ. ಇಷ್ಟು ವರ್ಷ ರಬ್ಬರಿನ ಅಡಿ ಮುಚ್ಚಿಕೊಂಡಿದ್ದ ಅಂಚು ಬಿಸಿಲನ್ನೇ ಕಂಡಿಲ್ಲ. ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಕಾಗದ ಹಿಡಿದು, ಆ ಅಂಚನ್ನೂ ಮೇಲಿನ ಭಾಗವನ್ನೂ ಹೋಲಿಸಿ ನೋಡಿ. ಎರಡೂ ಒಂದೇ ನೇರಳೆ ಆಗಿದ್ದರೆ ಮಾಸಿಲ್ಲ ಅಂತಲೇ ಅರ್ಥ. ಅಂಚಿನಲ್ಲಿ ಕಡು ನೀಲಿ ಇದ್ದು ಮೇಲೆ ನೇರಳೆ ಇದ್ದರೆ ಮಾತ್ರ ನಿಮ್ಮ ಗೆಳೆಯರ ಮಾತನ್ನು ಒಪ್ಪೋಣ. ಆದರೆ ಅದು ನಿಜವಾಗಿ ಗಾಜೇ ಆಗಿದ್ದರೆ ಹಾಗಾಗುವುದು ಕಷ್ಟ. ಗಾಜಿಗೆ ಬಣ್ಣ ಕೊಡುವುದು ಲೋಹದ ಆಕ್ಸೈಡ್‌ಗಳು, ಅವು ಬಟ್ಟೆಯ ಬಣ್ಣದ ಹಾಗೆ ಬಿಸಿಲಿಗೆ ಹೋಗುವುದಿಲ್ಲ. ಮ್ಯಾಂಗನೀಸ್ ಬೆರೆತ ಹಳೆಯ ಬಣ್ಣವಿಲ್ಲದ ಗಾಜು ದಶಕಗಟ್ಟಲೆ ಬಿಸಿಲಲ್ಲಿದ್ದರೆ ನೇರಳೆಗೆ ತಿರುಗುವುದುಂಟು, ಅದು ನಿಜ. ಆದರೆ ಆ ಛಾಯೆ ತೀರಾ ತಿಳಿ. ದೀಪದ ಡೋಮಿನಂಥ ಗಾಢ ಬಣ್ಣ ಅದರಿಂದ ಬರುವುದಿಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಗಮ್ಮತ್ತಿನ ಪರೀಕ್ಷೆ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಳೆಯ ನೀಲಿ ಗಾಜಿನ ಡೋಮ್ ಇದ್ದರೆ ಅದು ಬಹುಶಃ ಕೋಬಾಲ್ಟ್ ಗಾಜು. ಅದರ ಮೂಲಕ ಉರಿಯುವ ತಂತಿ ಬಲ್ಬನ್ನು ನೋಡಿ. ತಂತಿಯ ಸುತ್ತ ಕೆಂಪು ಅಂಚು ಕಂಡರೆ ಬೆಚ್ಚಬೇಡಿ. ಕೋಬಾಲ್ಟ್ ಗಾಜು ನೀಲಿಯ ಜೊತೆಗೆ 700 ನ್ಯಾನೊಮೀಟರ್ ಆಚೀಚೆಯ ಕಡು ಕೆಂಪನ್ನೂ ಸೋರಿಸುತ್ತದೆ. ನಕಲಿ ಅಂತ ವಾಪಸು ಕೊಡಲು ಅದು ಕಾರಣವಲ್ಲ. ನನ್ನ ಮಟ್ಟಿಗೆ ಅದು ಖುಷಿಪಡುವ ಗುರುತು.

ನೀಲಿ ದೀಪಗಳ ಇನ್ನೊಂದು ಕಷ್ಟವೂ ಇದರಿಂದಲೇ ಬಂದದ್ದು. ತಂತಿ ಬಲ್ಬಿನಲ್ಲಿ ನೀಲಿಯೇ ಕಮ್ಮಿ ಇರುವಾಗ ನೀಲಿ ಫಿಲ್ಟರ್ ದಾಟಿ ಬರುವ ಬೆಳಕು ಇನ್ನೆಷ್ಟು ಇದ್ದೀತು? ಹಳದಿ ಫಿಲ್ಟರ್ ಅರ್ಧಕ್ಕಿಂತ ಜಾಸ್ತಿ ಬೆಳಕನ್ನು ಬಿಡುತ್ತದೆ, ಕೆಂಪು ಕಾಲು ಭಾಗದ ಆಸುಪಾಸು, ನೀಲಿ ಅದಕ್ಕಿಂತ ತೀರಾ ಕಮ್ಮಿ. ಆದರೂ ಜರ್ಮನಿಯವರು 1938ರಿಂದ ನೀಲಿಯನ್ನೇ ಹಿಡಿದರು, ಬ್ರಿಟನ್ನಿನಲ್ಲೂ ಆಮೇಲೆ ಅದೇ ಬಂತು. ರಾತ್ರಿ ಹೊತ್ತಿನಲ್ಲಿ ನೀಲಿಗೆ ನಮ್ಮ ಕಣ್ಣೇ ನೆರವಿಗೆ ಬರುತ್ತದೆ. ಹಗಲಲ್ಲಿ ಕಣ್ಣು 555 ನ್ಯಾನೊಮೀಟರ್‌ನ ಹಳದಿ-ಹಸಿರಿಗೆ ಚುರುಕು. ಕತ್ತಲಾದ ಹಾಗೆ ಆ ಚುರುಕು 507ರ ಕಡೆ, ಅಂದರೆ ನೀಲಿ-ಹಸಿರಿನ ಕಡೆ ಜಾರುತ್ತದೆ. 19ನೇ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿದ. ಹಗಲಲ್ಲಿ ಕೆಂಪು, ರಾತ್ರಿ ನೀಲಿ ಎದ್ದು ಕಾಣುವುದಕ್ಕೆ ಇದೊಂದು ಕಾರಣ. ಅಮೆರಿಕದ ಪೊಲೀಸ್ ಗಾಡಿಗಳ ಮೇಲೆ ಕೆಂಪು-ನೀಲಿ ಎರಡೂ ಕಾಣಲು ಸಿಕ್ಕರೆ ಇದನ್ನು ನೆನಪಿಸಿಕೊಳ್ಳಿ. ಆಮೇಲೆ ಕ್ಯಾಮೆರಾ ಫ್ಲ್ಯಾಶಿನ ಹಾಗೆ ಮಿಂಚುವ ಝೆನಾನ್ ಸ್ಟ್ರೋಬ್ ಬಂದಾಗ ನೀಲಿಯ ನಸೀಬು ಖುಲಾಯಿಸಿತು. ಅದರ ಬೆಳಕು ಹಗಲಿನ ಬಿಳಿಗೆ ಹತ್ತಿರ, ನೀಲಿ ಅದರಲ್ಲಿ ಬೇಕಾದಷ್ಟಿದೆ.

ಈಗ ಚಿನ್ನದ ಮಾತು. ಚಿನ್ನ ಬೆರೆಸಿ ಕೆಂಪು ಗಾಜು ಮಾಡುವುದು ಕಟ್ಟುಕಥೆ ಅಲ್ಲ, ಶತಮಾನಗಳಿಂದ ಇರುವ ಕಲೆ. ಆದರೆ ಆ ಗಾಜು ಒಂದಿಷ್ಟು ನೀಲಿಯನ್ನೂ ಬಿಡುವುದರಿಂದ ಬಣ್ಣ ಗುಲಾಬಿಯತ್ತ ವಾಲುತ್ತದೆ. ಹೂದಾನಿಗೆ, ಲೋಟಕ್ಕೆ ಚಂದ. ಸಿಗ್ನಲ್ ದೀಪಕ್ಕೆ ಬೇಕಾದದ್ದು ಅನುಮಾನಕ್ಕೆ ಎಡೆಯಿಲ್ಲದ ಕೆಂಪು. ಅದನ್ನು ಕೊಡುವುದು ಸೆಲೆನಿಯಂ ಮತ್ತು ಕ್ಯಾಡ್ಮಿಯಂ. ಇದರ ತಯಾರಿಕೆ ನೋಡಲು ಮಜಾ ಇರುತ್ತದೆ. ಅಚ್ಚಿನಿಂದ ಬರುವಾಗ ಗಾಜು ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಹಾಗೆ, ಇಲ್ಲವೇ ತಿಳಿ ಹಳದಿಯಾಗಿ ಇರುತ್ತದೆ. ಮತ್ತೆ ಹದವಾಗಿ ಕಾಯಿಸಿದಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಬೆಳೆದು ಕೆಂಪು ಏರುತ್ತಾ ಬರುತ್ತದೆ. ಬಿಸಿ ಕಮ್ಮಿ ಆದರೆ ಕಿತ್ತಳೆಯಲ್ಲೇ ನಿಂತುಬಿಡುತ್ತದೆ. ಅತಿಯಾದರೆ ಕಂದು. ಒಂದೇ ಕಂಪನಿಯ ಎರಡು ಹಳೆಯ ಡೋಮ್‌ಗಳಲ್ಲಿ ಕೆಂಪು ಸ್ವಲ್ಪ ಬೇರೆ ಬೇರೆ ಕಂಡರೆ ಒಂದು ನಕಲಿ ಅಂತ ಹಾರಾಡಬೇಕಿಲ್ಲ.

ಹಾಗಾಗಿ ಆ ಮಾರಾಟಗಾರರಿಗೆ ಚಿನ್ನದ ರೇಟು ಕೊಡಬೇಡಿ. ಗಾಜಿಗೆ, ಅದರ ಒಳಮೈಯ ಸುತ್ತು ಗೆರೆಗಳಿಗೆ, ಅಂಚು ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವುದಕ್ಕೆ ಬೆಲೆ ಕೊಡಿ. ಆ ಗೆರೆಗಳು ಅಲಂಕಾರಕ್ಕೆ ಇರುವುದಲ್ಲ. ಮೇಲಕ್ಕೂ ಕೆಳಕ್ಕೂ ಚೆದುರುವ ಬೆಳಕನ್ನು ಬಗ್ಗಿಸಿ ರಸ್ತೆಯ ಮಟ್ಟಕ್ಕೆ ತರುವ ಪಟ್ಟಕಗಳು ಅವು. ರೈಲ್ವೆ ಸಿಗ್ನಲ್ಲಿನ ಕೆಂಪು ಗಾಜನ್ನೇ ಫೈರ್ ಎಂಜಿನ್ನಿನದು ಅಂತ ತಗುಲಿಸುವವರೂ ಇದ್ದಾರೆ. ರೈಲೇ ಇಲ್ಲದ ಕೊಡಗಿನಲ್ಲಿ ನಮಗೆ ಆ ಗಾಜಿನ ಪರಿಚಯ ಕಮ್ಮಿ ನೋಡಿ. ರೈಲ್ವೆಯದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಬೆಳಕು ಬೀರುವ ಬಟ್ಟಲಿನಾಕಾರದ ಲೆನ್ಸ್. ತಿರುಗುದೀಪದ್ದು ಸುತ್ತಲೂ ಮುಚ್ಚುವ ಟೋಪಿ. ಅಂದಹಾಗೆ, ಇಡಿಯಾಗಿರುವ ಗಾಜಿನಲ್ಲಿ ಕ್ಯಾಡ್ಮಿಯಂ ಬಂಧಿಯಾಗಿರುತ್ತದೆ, ಮುಟ್ಟಿದರೆ ಏನೂ ಆಗದು. ಆದರೆ ಚೂರಾದ ಅಂಚನ್ನು ಗ್ರೈಂಡರಿಗೆ ಹಿಡಿಯಬೇಡಿ. ಆ ಧೂಳು ವಿಷ.

ಟ್ವಿನ್‌ಸಾನಿಕ್‌ಗೆ ಬರೋಣ. ಎರಡು ತುದಿಯಲ್ಲಿ ತಿರುಗುವ ದೀಪ, ನಡುವೆ ಸೈರನ್ನಿನ ಸ್ಪೀಕರ್ ಇರುವ ಈ ಫೆಡರಲ್ ಸಿಗ್ನಲ್ ಕಂಪನಿಯ ಬಾರ್ 1970ರ ದಶಕದ ಅಮೆರಿಕದ ಪೊಲೀಸ್ ಕಾರಿನ ಗುರುತೇ ಆಗಿತ್ತು. ಒಳ್ಳೆಯ ವಸ್ತು ಸಿಕ್ಕಿದೆ ನಿಮಗೆ. ಆದರೆ ಅದರ ಕೆಂಪಿನ ವಿಷಯದಲ್ಲಿ ಸಮಾಧಾನದ ಮಾತು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಪ್ಲಾಸ್ಟಿಕ್ಕಿನ ಬಣ್ಣ ಕರಗಿಸಿ ಬೆರೆಸಿದ್ದು. ಬಿಸಿಲಿನ ಅತಿನೇರಳೆ ಕಿರಣ ಆ ಬಣ್ಣದ ಅಣುಗಳನ್ನೇ ಒಡೆಯುತ್ತದೆ. ಹೋದ ಬಣ್ಣ ಯಾವ ಪಾಲಿಶಿನಿಂದಲೂ ವಾಪಸು ಬರುವುದಿಲ್ಲ. ಬಿರುಕುಗಳೂ ಬರೀ ಮೇಲ್ಮೈಯಲ್ಲಿಲ್ಲ, ಪ್ಲಾಸ್ಟಿಕ್ಕಿನ ಆಳಕ್ಕೆ ಇಳಿದಿರುತ್ತವೆ. ಉಜ್ಜಿದರೆ ಒಂದು ಪದರ ಹೋಗಿ ಕೆಳಗಿನ ಬಿರುಕು ಮೇಲೆ ಬರುತ್ತದೆ, ಅಷ್ಟೆ.

ಪೆಟ್ರೋಲ್ ಸಲಹೆ ಕೊಟ್ಟವರಿಗೆ ಒಂದು ಕಪ್ ಕಾಫಿ ಕೊಟ್ಟು ಕಳಿಸಿಬಿಡಿ. ಪೆಟ್ರೋಲ್, ಥಿನ್ನರ್, ಸ್ಪಿರಿಟ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಇವು ಯಾವುವೂ ಹಳೆಯ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟಿಗೆ ತಾಗಬಾರದು. ಅಚ್ಚು ಹಾಕುವಾಗ ಪ್ಲಾಸ್ಟಿಕ್ಕಿನೊಳಗೆ ಎಳೆತ ಉಳಿದಿರುತ್ತದೆ. ದ್ರಾವಕ ತಾಗಿದ ಕೂಡಲೇ ಆ ಎಳೆತ ಬಿರುಕಾಗಿ ಹೊರಬರುತ್ತದೆ. ಸ್ಕ್ರೂ ತೂತಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಹರಡಿದ್ದನ್ನು ಕಂಡರೆ, ಯಾರೋ ಹಿಂದೆ ಹೀಗೆ ಒರೆಸಿದ್ದಾರೆ, ಇಲ್ಲವೇ ಸ್ಕ್ರೂವನ್ನು ಜೋರಾಗಿ ಬಿಗಿದಿದ್ದಾರೆ ಅಂದುಕೊಳ್ಳಬಹುದು. ತೊಳೆಯಲು ಉಗುರು ಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ ಸಾಕು. ಟೂತ್‌ಪೇಸ್ಟ್ ತೀರಾ ಅಪಾಯವೇನಲ್ಲ, ಆದರೆ ಅದರ ಪುಡಿಯ ಹದ ನಿಮ್ಮ ಕೈಲಿಲ್ಲ. ಬರೀ ಗೀರು ಇರುವ ಅಕ್ರಿಲಿಕ್ ಆದರೆ 1500, 2000, 3000 ನಂಬರಿನ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ) ಹಿಡಿದು, ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಾಕಿದರೆ ಹೊಳಪು ಬರುತ್ತದೆ. ನಿಮ್ಮದು ಬಿರುಕು ಬಿಟ್ಟಿದ್ದು. ಅದಕ್ಕೆ ಕೈ ಹಾಕಬೇಡಿ.

ಹಾಗಾದರೆ ಏನು ಮಾಡಬಹುದು? ನಾನಾದರೆ ಹಾಗೇ ಬಿಡುತ್ತೇನೆ. ಕಿತ್ತಳೆಗೆ ತಿರುಗಿದ ಕೆಂಪು ಆ ಬಾರ್ ಎಷ್ಟು ಕಾಲ ಕಾರಿನ ಮೇಲಿತ್ತು ಅನ್ನುವುದಕ್ಕೆ ಸಾಕ್ಷಿ. ಗೋಡೆಗೆ ಹಾಕಲು ಅದೇ ಚಂದ. ಉರಿಸಿ ತೋರಿಸಲೇಬೇಕು, ಬಣ್ಣ ಸರಿ ಕಾಣಬೇಕು ಅಂದರೆ ಹೊಸದಾಗಿ ಮಾಡಿದ ಮರುತಯಾರಿಕೆಯ ಡೋಮ್ ತರಿಸಿ ಹಾಕಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಎತ್ತಿಡಿ. ಮಾರುವಾಗ ಡೋಮ್ ಹೊಸದು ಅಂತ ಹೇಳಿಯೇ ಮಾರಬೇಕು, ಅದು ಬೇರೆ ಮಾತು. ಮೂರನೆಯ ದಾರಿ ನಾಟಕದ ದೀಪಕ್ಕೆ ಹಾಕುವ ಬಣ್ಣದ ಜೆಲ್ ಹಾಳೆ. ಡೋಮಿನ ಒಳಮೈಗೆ ಅಂಟಿಸದೆ, ಸುರುಳಿ ಮಾಡಿ ನಿಲ್ಲಿಸಿದರೆ ಬೇಕಾದಾಗ ತೆಗೆಯಬಹುದು. ಅಪಾಯ ಬಿಸಿಯದ್ದು. ಫಿಲ್ಟರ್ ನುಂಗಿದ ಬೆಳಕೆಲ್ಲ ಶಾಖವಾಗುತ್ತದೆ. 55 ವ್ಯಾಟಿನ ಹ್ಯಾಲೊಜೆನ್ ಬಲ್ಬಿಗೆ ಹತ್ತಿರ ಇಟ್ಟರೆ ಜೆಲ್ ಸುಕ್ಕುಗಟ್ಟಿ ಕರಗುತ್ತದೆ. ಒಳಗೆ ಕೆಂಪು ಎಲ್‌ಇಡಿ ಹಾಕಿದರೂ ಬಣ್ಣ ಸರಿಯಾಗಿ ಬರುತ್ತದೆ, ಮಾಸಿದ ಡೋಮ್ ಕೆಂಪನ್ನು ತಡೆಯುವುದಿಲ್ಲವಲ್ಲ. ಬಿಳಿ ಎಲ್‌ಇಡಿ ಮಾತ್ರ ಬೇಡ. ಕೆಂಪು ಡೋಮಿನ ಹಿಂದೆ ಅದು ಮಂಕು.

ನಂತರದ ಕಾಲದ ಬಾರ್‌ಗಳಲ್ಲಿ ಹೊರಗಿನ ಕವಚ ಬಣ್ಣವಿಲ್ಲದ್ದು, ಬಣ್ಣದ ಫಿಲ್ಟರ್ ಒಳಗೆ ಬಲ್ಬಿನ ಸುತ್ತ ಇರುವಂಥವು ಬಂದವು. ಅಂಥದ್ದು ಸಿಕ್ಕರೆ ಬಿಡಬೇಡಿ. ಒಳಗಿನ ಫಿಲ್ಟರುಗಳು ಬಿಸಿಲಿಗೆ ಕಮ್ಮಿ ಬಿದ್ದಿರುತ್ತವೆ, ಹಾಳಾದರೂ ಬದಲಿ ಸುಲಭ. ಆದರೆ ಬಲ್ಬಿನ ಹತ್ತಿರ ಇರುವುದರಿಂದ ಸುಟ್ಟ ಕಲೆ ಇದೆಯೇ ನೋಡಿಕೊಳ್ಳಿ.

ಸುಟ್ಟ ಕಲೆ ಅಂದಾಗ ನೆನಪಾಯಿತು. ಗುಜರಿಯಿಂದ ತಂದ ದೀಪಕ್ಕೆ ನೇರ ಬ್ಯಾಟರಿ ಕೊಟ್ಟು ನೋಡುವವರೇ ಜಾಸ್ತಿ. ಮೊದಲು ಬಲ್ಬ್ ತೆಗೆದು ಬರೀ ಮೋಟರ್ ತಿರುಗಿಸಿ. ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತದೆ, ಕಾರ್ಬನ್ ಬ್ರಷ್ ಸವೆದಿರುತ್ತದೆ. ನಮ್ಮ ಕಡೆ ಕಣಜಗಳು ಗೇರಿನ ಸಂದಿಯಲ್ಲೇ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಬಲ್ಬ್ ಉರಿಯುತ್ತಾ ಮೋಟರ್ ನಿಂತುಬಿಟ್ಟರೆ ಬೆಳಕಿನ ಕಂಬ ಒಂದೇ ಕಡೆ ಬಿದ್ದು ಪ್ಲಾಸ್ಟಿಕ್ ಡೋಮ್ ಅಲ್ಲೇ ಉಬ್ಬುತ್ತದೆ. ವೋಲ್ಟೇಜನ್ನೂ ನೋಡಿ. ನಿಮ್ಮ ಅಮೆರಿಕದ ಬಾರ್ 12 ವೋಲ್ಟಿನದು. ನಮ್ಮ ಲಾರಿ ಮೇಲಿನ ಫೈರ್ ಎಂಜಿನ್ ದೀಪಗಳು ಸಾಮಾನ್ಯವಾಗಿ 24 ವೋಲ್ಟಿನವು. 30 ವ್ಯಾಟಿನ ನಾಲ್ಕು ಸೀಲ್ಡ್ ಬೀಮ್ (ತಂತಿ, ಕನ್ನಡಿ ಎಲ್ಲ ಒಂದೇ ಗಾಜಿನೊಳಗೆ ಮುಚ್ಚಿದ ದೀಪ) ಉರಿಸಿದರೆ 12 ವೋಲ್ಟಿನಲ್ಲಿ 10 ಆಂಪಿಯರ್, ಮೇಲೆ ಮೋಟರಿನದ್ದು. ಮೊಬೈಲ್ ಚಾರ್ಜರಿನಂಥ ಅಡಾಪ್ಟರ್ ಇದಕ್ಕೆ ಸಾಲದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ 12 ವೋಲ್ಟ್, 20 ಆಂಪಿಯರ್‌ನ ಪವರ್ ಸಪ್ಲೈ ತಂದು, ದೀಪದ ಕಡೆಗೆ ಹೋಗುವ ತಂತಿಗೆ ಒಂದು ಫ್ಯೂಸ್ ಹಾಕಿ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಪ್ಲಗ್ ಕಿತ್ತಿಡಿ.

ಮುಂದೆ ಯಾವಾಗಲಾದರೂ ಸ್ಟ್ರೋಬ್ ಬಾರ್ ಕೊಂಡರೆ ಅದರ ಪೆಟ್ಟಿಗೆಯನ್ನು ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ತುಂಬಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಉಳಿದಿರಬಹುದು. 12 ವೋಲ್ಟಿನದ್ದಲ್ವಾ ಅಂತ ಕೈ ಹಾಕಿದವರು ಗೋಡೆಗೆ ಹಾರಿದ್ದಾರೆ. ಅದು ತಿಳಿದವರ ಕೆಲಸ.

ಮಂಜಿನ ಪ್ರಶ್ನೆ ಕೊಡಗಿನವರೆಲ್ಲರದ್ದು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅನ್ನುವುದು ಬಹಳ ಗಟ್ಟಿಯಾಗಿ ಬೇರು ಬಿಟ್ಟ ನಂಬಿಕೆ. ಫ್ರಾನ್ಸಿನಲ್ಲಿ 1936ರ ಕಾನೂನಿನಿಂದ 1993ರ ತನಕ ಹೆಡ್‌ಲೈಟೇ ಹಳದಿ ಇತ್ತಾದ್ದರಿಂದ ಅದಕ್ಕೆ ಇನ್ನಷ್ಟು ಬಲ ಬಂತು. ಗಾಳಿಯ ಅಣುಗಳಂಥ ತೀರಾ ಸಣ್ಣ ಕಣಗಳು ನೀಲಿಯನ್ನು ಜಾಸ್ತಿ ಚೆದುರಿಸುತ್ತವೆ, ಆಕಾಶ ನೀಲಿ ಕಾಣುವುದು ಅದಕ್ಕೇ. ಆದರೆ ಜೋಡುಪಾಲದ ತಿರುವಿನಲ್ಲಿ ನಿಮ್ಮ ಮುಂದೆ ನಿಲ್ಲುವ ಮಂಜು ನೀರಿನ ಹನಿಗಳದ್ದು. ಒಂದೊಂದು ಹನಿ ಸುಮಾರು 10 ಮೈಕ್ರಾನ್. ಬೆಳಕಿನ ತರಂಗ ಅರ್ಧ ಮೈಕ್ರಾನಿನ ಆಚೀಚೆ. ಇಷ್ಟು ದೊಡ್ಡ ಹನಿಗೆ ಕೆಂಪು, ಹಳದಿ, ನೀಲಿ ಎಲ್ಲ ಒಂದೇ, ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತದೆ. ಹಳದಿ ಬೆಳಕು ಕಣ್ಣಿಗೆ ಹಿತ ಅನ್ನಿಸಬಹುದು. ಹಳದಿ ಫಿಲ್ಟರ್ ಜಾಸ್ತಿ ಬೆಳಕು ಬಿಡುವುದರಿಂದ ಆ ದೀಪ ಪ್ರಖರವೂ ಹೌದು. ಅದಕ್ಕಿಂತ ಹೆಚ್ಚಿನ ಮಾಯೆ ಏನೂ ಇಲ್ಲ.

ಫಾಗ್ ಲ್ಯಾಂಪಿನ ಗುಟ್ಟು ಎತ್ತರದಲ್ಲಿದೆ. ಬಂಪರಿನ ಮಟ್ಟದಲ್ಲಿ, ಅಗಲವಾಗಿ, ಮೇಲಂಚು ಕತ್ತರಿಸಿದ ಹಾಗೆ ಬೆಳಕು ಬಿದ್ದರೆ ಅದು ನಿಮ್ಮ ಕಣ್ಣಿನ ಮುಂದಿನ ಮಂಜನ್ನು ಬೆಳಗುವುದಿಲ್ಲ. ಜೀಪಿನ ತಲೆಯ ಮೇಲೆ ತಿರುಗುವ ದೀಪ ಇಟ್ಟರೆ ಆಗುವುದು ಅದರ ವಿರುದ್ಧ. ಪ್ರತಿ ಸುತ್ತಿಗೂ ಗಾಜಿನ ಮುಂದಿನ ಮಂಜು ಹೊತ್ತಿಕೊಂಡು ನಿಮಗೇ ದಾರಿ ಕಾಣುವುದಿಲ್ಲ. ಹಿಂದೆ ಬರುವವನಿಗೂ ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ ಗೊತ್ತಾಗುವುದಿಲ್ಲ. ಬೇಡ.

ಅದೂ ಅಲ್ಲದೆ ಕಾನೂನು ಇದೆ. 2017ರ ಮೇ 1ರಿಂದ ಮಂತ್ರಿಗಳ ಗಾಡಿಗಳ ಮೇಲಿನ ಕೆಂಪು ದೀಪವೇ ಹೋಯಿತು. ಕೆಂಪು, ನೀಲಿ, ಬಿಳಿ ಸೇರಿದ ಮಿನುಗುದೀಪ ತುರ್ತು ಸೇವೆ ಮತ್ತು ವಿಪತ್ತು ನಿರ್ವಹಣೆಗೆ ಗೊತ್ತು ಮಾಡಿದ ವಾಹನಗಳಿಗೆ ಮಾತ್ರ. ಖಾಸಗಿ ಜೀಪಿಗೆ ಅದು ಸಲ್ಲ. ಹಲವು ಸ್ವರದ ಹಾರ್ನ್ 119ನೇ ನಿಯಮದ ಪ್ರಕಾರ ನಿಷಿದ್ಧ, ಹಾಗಾಗಿ ಟ್ವಿನ್‌ಸಾನಿಕ್ಕಿನ ಸ್ಪೀಕರಿಗೆ ಸೈರನ್ ಜೋಡಿಸಿ ರಸ್ತೆಗೆ ಇಳಿಯುವ ಯೋಚನೆಯನ್ನೂ ಬಿಡಿ. ದೀಪ ಆರಿಸಿಕೊಂಡು, ಬಟ್ಟೆ ಮುಚ್ಚಿಕೊಂಡು ಹೋಗುತ್ತೇನೆ ಅಂತ ಕೆಲವರು ಕೇಳುತ್ತಾರೆ. ಚೆಕ್‌ಪೋಸ್ಟಿನಲ್ಲಿ ಆ ವಾದ ಎಷ್ಟು ನಡೆಯುತ್ತದೆ ಅನ್ನುವುದು ಎದುರಿಗಿರುವವರ ಮನಸ್ಸಿಗೆ ಬಿಟ್ಟದ್ದು. ಪ್ರದರ್ಶನಕ್ಕೆ ಒಯ್ಯುವುದಾದರೆ ಬಿಚ್ಚಿ, ಕಂಬಳಿಯಲ್ಲಿ ಸುತ್ತಿ ಗಾಡಿಯ ಒಳಗಿಟ್ಟುಕೊಂಡು ಹೋಗಿ, ಅಲ್ಲಿ ಜೋಡಿಸಿ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋಳ್ದ್‌ಗೆ ಜೀಪನ್ನು ಅಂಗಳದಲ್ಲಿ ಸಿಂಗರಿಸಿ ದೀಪ ಉರಿಸಿಕೊಂಡರೆ ಯಾರ ತಕರಾರೂ ಇರದು. ಆದರೆ ತೋಟದ ಗೇಟಿನಲ್ಲಿ, ರಸ್ತೆಗೆ ಕಾಣುವ ಹಾಗೆ ರಾತ್ರಿ ತಿರುಗಿಸಬೇಡಿ. ಘಟ್ಟದ ರಸ್ತೆಯಲ್ಲಿ ಬರುವವರು ಅಪಘಾತ ಆಗಿದೆ ಅಂತ ಬ್ರೇಕ್ ಹಾಕುತ್ತಾರೆ.

ಕೊಳ್ಳುವಾಗ ಚೀಟಿ ಕೇಳಿ. ಸರ್ಕಾರಿ ಇಲಾಖೆಯ ಹಳೆಯ ಗಾಡಿಗಳು ಹರಾಜಿನಲ್ಲಿ ಹೋಗುತ್ತವೆ, ಅಲ್ಲಿಂದ ಬಂದ ದೀಪಕ್ಕೆ ಕಾಗದದ ಜಾಡು ಇರುತ್ತದೆ. ಇಲಾಖೆಯ ಹೆಸರು, ನಂಬರು ಕೆತ್ತಿದ್ದು ಇದ್ದು ಚೀಟಿ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಹೊರದೇಶದಿಂದ ಅಂಚೆಯಲ್ಲಿ ತರಿಸುವಾಗಲೂ ಜೋಪಾನ. ಬಳಸಿದ ಸಾಮಾನಿನ ಆಮದಿಗೆ ನಿರ್ಬಂಧ ಇದೆ. ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ ಮೇಲೆ ಓಡಾಡುವುದಕ್ಕಿಂತ ಮೊದಲೇ ವಿಚಾರಿಸುವುದು ವಾಸಿ.

ಉಳಿದದ್ದು ಮಳೆಗಾಲ. ಬಿಸಿಲಿನ ಊರಿನಲ್ಲಿ ಡೋಮ್ ಹಾಳಾಗುತ್ತದೆ, ನಮ್ಮಲ್ಲಿ ಡೋಮಿನ ಒಳಗಿರುವುದು. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡದ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ರಿಫ್ಲೆಕ್ಟರ್ ಬಿಡುತ್ತದೆಯೇ? ಹಳೆಯ ರಿಫ್ಲೆಕ್ಟರಿನ ಹೊಳಪು ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂ ಪದರ. ದಪ್ಪ ಸುಮಾರು ಒಂದು ಮೈಕ್ರಾನಿನ ಹತ್ತನೇ ಒಂದು ಪಾಲು. ಬೂಷ್ಟು ಕಂಡ ಕೂಡಲೇ ಬಟ್ಟೆ ತೆಗೆದುಕೊಂಡು ಒರೆಸಿದರೆ ಹೊಳಪೂ ಬಟ್ಟೆಗೇ ಬರುತ್ತದೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಅಷ್ಟಕ್ಕೇ ನಿಲ್ಲಿಸಿ. ಸೀಲ್ಡ್ ಬೀಮ್ ಇದ್ದರೆ ಈ ಚಿಂತೆ ಇಲ್ಲ, ಅದರ ಕನ್ನಡಿ ಗಾಜಿನೊಳಗೇ ಮುಚ್ಚಿರುತ್ತದೆ. ತುಂಬಾ ಮಂಕಾದ ರಿಫ್ಲೆಕ್ಟರನ್ನು ಮತ್ತೆ ಲೇಪನ ಮಾಡಿಸಬಹುದು, ಆದರೆ ಅದು ಕೊನೆಯ ದಾರಿ.

ಜೂನ್ ಶುರುವಿನಲ್ಲೇ ದೀಪಗಳನ್ನು ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ತಿರುಗಿದ ಜೆಲ್ಲನ್ನು ಓವನಿನಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ. ಹೊಗೆಯ ಜಿಡ್ಡು ಪ್ಲಾಸ್ಟಿಕ್ಕಿಗೆ ಕೂತರೆ ತೆಗೆಯಲು ದ್ರಾವಕವೇ ಬೇಕಾಗುತ್ತದೆ, ಅದನ್ನು ಹಾಕುವ ಹಾಗಿಲ್ಲ. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಜೊತೆ ಕಣದಲ್ಲಿ ಬಿಸಿಲಿಗೆ ಇಡುವುದೂ ಬೇಡ. ಗಾಜಿನವು ತಡೆದುಕೊಳ್ಳುತ್ತವೆ, ಪ್ಲಾಸ್ಟಿಕ್ಕಿನವು ಉಳಿದ ಬಣ್ಣವನ್ನೂ ಕಳೆದುಕೊಳ್ಳುತ್ತವೆ. ಜಗಲಿಯಲ್ಲಿ ಅತಿಥಿಗಳಿಗೆ ತೋರಿಸಲು ಇಡುವುದಾದರೆ ಉತ್ತರ ದಿಕ್ಕಿನ ಗೋಡೆ ನೋಡಿ. ಹಿತ್ತಾಳೆ ಸಂಪರ್ಕಗಳಿಗೆ ಹಸಿರು ಕಿಲುಬು ಬಂದಿದ್ದರೆ ಮೆತ್ತನೆ ಬ್ರಷ್ಷಿನಿಂದ ತೆಗೆದು ತೆಳ್ಳಗೆ ವ್ಯಾಸಲೀನ್ ಸವರಿ. ಅದು ಡೋಮಿಗೆ ತಾಗದಿರಲಿ.

ನೇರಳೆ ಡೋಮಿನ ದೀಪಕ್ಕೆ 12 ವೋಲ್ಟ್, 21 ವ್ಯಾಟಿನ ಮಾಮೂಲಿ ಇಂಡಿಕೇಟರ್ ಬಲ್ಬ್ ಸಾಕು. ಹೋಲ್ಡರ್ ಹೊಂದುತ್ತದೆಯೇ ನೋಡಿಕೊಳ್ಳಿ. ಪ್ರದರ್ಶನಕ್ಕೆ ಅಷ್ಟು ಬೆಳಕು ಧಾರಾಳ, ಬಿಸಿಯೂ ಕಮ್ಮಿ. ಕರೆಂಟು ಉಳಿಸಲು ಎಲ್‌ಇಡಿಯೇ ಬೇಕು ಅಂದರೆ ಬೆಳ್ಳಗಿನದ್ದು ಬಿಟ್ಟು 2700 ಕೆಲ್ವಿನ್ನಿನ ಬೆಚ್ಚನೆ ಬಣ್ಣದ್ದು ತನ್ನಿ, ಅದರಲ್ಲಿ ಕೆಂಪು ಸ್ವಲ್ಪ ಜಾಸ್ತಿ. ತಂತಿ ಬಲ್ಬಿನಷ್ಟು ಸರಿಯಾಗಿ ಬರುವುದಿಲ್ಲ, ಆದರೂ ನೀಲಿಗಿಂತ ವಾಸಿ.